ಉಬ್ಬರದ ನೀರಿಗೆ ದಾರಿ ಬಿಡಿ

ಮಾನ್ಯ ಸಂಪಾದಕರೇ,

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬೇಸಿಗೆಯ ಮಧ್ಯಾಹ್ನ ಇಳಿತದ ಹೊತ್ತಿಗೆ ಕೆಸರಿಗೆ ಇಳಿದು ನೋಡಿ. ಪಾದ ಮುಳುಗುವಷ್ಟೇ ಇರುವ ನೀರು ಬಿಸಿಲಿಗೆ ಕಾದು ಬೆಚ್ಚಗಿರುತ್ತದೆ. ಉಬ್ಬರ ಶುರುವಾದರೆ ಮೊದಲು ಹಿಮ್ಮಡಿಗೆ ತಂಪು ತಾಗುತ್ತದೆ. ಕಡಲಿನ ನೀರು ಬಂತು ಅಂತ ಅಲ್ಲೇ ಗೊತ್ತಾಗುತ್ತದೆ.

ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ನಡೆಯುವ ಈ ಏರಿಳಿತ ನೀರನ್ನು ತಂಪು ಮಾಡುವುದಷ್ಟೇ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜಾಸ್ತಿ. ಆಗ ತಳದ ಕೆಸರು ಕದಡಿ, ಅದರಲ್ಲಿರುವ ಸಾರಜನಕ, ರಂಜಕದ ಅಂಶ ಮೇಲೆ ಬರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೊಳೆತ ಎಲೆಯ ಸಾರವನ್ನು ಇಳಿತ ಕಡಲಿಗೆ ಒಯ್ಯುತ್ತದೆ. ಅದನ್ನುಂಡು ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ. ಆ ಪಾಚಿಯೇ ಬಳಚು ಎಂಬ ಚಿಪ್ಪಿನ ಜೀವಿಗೆ, ಸಿಗಡಿ ಮರಿಗೆ ಊಟ. ಬಳಚು ಆರಿಸಿ ಮನೆ ನಡೆಸುವ ಹೆಂಗಸರ ಅನ್ನವೂ ಅದೇ, ಅಲ್ವಾ?

ನಮ್ಮ ಕಡೆ ಒಂದು ರಸ್ತೆ ಮಾಡುವಾಗ ಅಗಲವಾದ ಹಳ್ಳಕ್ಕೆ ಸಣ್ಣ ಪೈಪು ಇಟ್ಟರು. ಈಗ ಉಬ್ಬರದ ನೀರು ಸರಿಯಾಗಿ ಬಂದುಹೋಗದೆ ಒಳಗಿನ ನೀರು ನಿಂತಲ್ಲೇ ಬಿಸಿಯಾಗುತ್ತದೆ, ವಾಸನೆ ಬರುತ್ತದೆ. ಅಲ್ಲಿ ಬಳಚು ಸಿಗುವುದಿಲ್ಲ.

2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದಾಗ ತುಂಬಾ ಖುಷಿಪಟ್ಟೆವು. ಇಂಥ ಹಳ್ಳಗಳಿಗೆ ಪೈಪಿನ ಬದಲು ಅಗಲವಾದ ಸೇತುವೆಯನ್ನು ಸರಕಾರ ಕಟ್ಟಿಕೊಡಲಿ. ಹಾಗೆಯೇ ನಿಮ್ಮ ಪತ್ರಿಕೆಯಲ್ಲಿ ದಿನಾ ಉಬ್ಬರ-ಇಳಿತದ ಸಮಯ ಹಾಕಿದರೆ ನಮಗೆ ಬಹಳ ಉಪಕಾರ.

– ಒಬ್ಬ ಓದುಗ, ಕುಮಟಾ