ಸಿಡಿದ ಹಡಗುಗಳೆಲ್ಲ ಶತ್ರುವಿನ ಕೈವಾಡವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಹಳೆಯ ಯುದ್ಧನೌಕೆಗಳ ಕುರಿತ ಲೇಖನವು, ಬಂದರಿನಲ್ಲಿ ಲಂಗರು ಹಾಕಿ ನಿಂತ ಹಡಗು ಸಿಡಿದರೆ ಅದು ವಿಧ್ವಂಸಕರ ಕೃತ್ಯವೇ ಎಂಬ ಭಾವನೆ ಮೂಡಿಸುತ್ತದೆ. ಉಗಿ ಎಂಜಿನ್‌ಗಳ ಕಾಲದಲ್ಲಿ ರೈಲ್ವೆಯಲ್ಲಿ ದುಡಿದ ನನಗೆ ಇದು ಒಪ್ಪಿಗೆಯಾಗಲಿಲ್ಲ.

1898ರ ಫೆಬ್ರುವರಿ 15ರಂದು, ಆಗ ಸ್ಪೇನ್ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ‘ಮೇನ್’ ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ನೀರಿನಡಿಯ ಸಿಡಿಗುಂಡೇ ಕಾರಣವೆಂದ ವಿಚಾರಣಾ ಮಂಡಳಿ ಅದನ್ನಿಟ್ಟವರು ಯಾರೆಂದು ಹೇಳಲಿಲ್ಲ. ಆದರೂ ಏಪ್ರಿಲ್‌ನಲ್ಲಿ ಸ್ಪೇನ್ ಜೊತೆ ಯುದ್ಧ ಶುರುವಾಗಿಯೇ ಹೋಯಿತು. ಅಮೆರಿಕ ನೌಕಾಪಡೆಯ ಅಡ್ಮಿರಲ್ ಹೈಮನ್ ರಿಕೋವರ್ ನೇತೃತ್ವದ ಅಧ್ಯಯನವು, ಕಲ್ಲಿದ್ದಲು ಕೋಣೆಯಲ್ಲಿ ತಾನಾಗಿ ಹೊತ್ತಿದ ಬೆಂಕಿಯ ಶಾಖ ಪಕ್ಕದ ಮದ್ದಿನ ಕೋಣೆಗೆ ತಗುಲಿರುವ ಸಾಧ್ಯತೆಯೇ ಹೆಚ್ಚೆಂದು ಹೇಳಿದ್ದು 1976ರಲ್ಲಿ. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಕಲ್ಲಿದ್ದಲು ಗಾಳಿಯ ಆಮ್ಲಜನಕವನ್ನು ಹೀರುತ್ತ ತನ್ನಷ್ಟಕ್ಕೆ ಕಾಯುತ್ತದೆ. ರಾಶಿ ದೊಡ್ಡದಾಗಿದ್ದರೆ ಒಳಗಿನ ಕಾವು ಹೊರಬರಲಾಗದೆ, ಮೇಲೆ ಹೊಗೆ ಕಾಣುವ ಮೊದಲೇ ನಡುವೆ ಕೆಂಡವಾಗಿರುತ್ತದೆ. ಹಸಿಯಾಗಿ ಒಟ್ಟಿದ ಮೇವಿನ ಬಣವೆ ಹೀಗೆಯೇ ಕಾವೇರುವುದನ್ನು ನಮ್ಮ ಗದಗ, ಹಾವೇರಿ ಕಡೆಯ ರೈತರು ಬಲ್ಲರು. ಯುದ್ಧನೌಕೆಗಳಲ್ಲಿ ಶತ್ರುವಿನ ಗುಂಡಿಗೆ ತಡೆಯಾಗಲೆಂದು ಕಲ್ಲಿದ್ದಲನ್ನು ಹಡಗಿನ ಪಕ್ಕೆಗಳಲ್ಲೇ ತುಂಬುತ್ತಿದ್ದರು. ಹೀಗಾಗಿ ‘ಮೇನ್’ನಲ್ಲಿ ಕಲ್ಲಿದ್ದಲಿಗೂ ಮದ್ದಿಗೂ ನಡುವೆ ಉಳಿದದ್ದು ಒಂದು ಉಕ್ಕಿನ ಗೋಡೆ ಮಾತ್ರ. ರಕ್ಷಣೆಗೆಂದು ಮಾಡಿದ ಏರ್ಪಾಡೇ ಅಪಾಯವನ್ನು ಒಳಗೆ ತಂದಿತ್ತು.

ವಿಧ್ವಂಸಕ ಕೃತ್ಯಗಳು ಇರಲೇ ಇಲ್ಲವೆಂದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಬಂಡಾಯ ರಾಜ್ಯಗಳ ಕಡೆಯ ಥಾಮಸ್ ಕೋರ್ಟ್ನಿ, ಎರಕದ ಕಬ್ಬಿಣದ ಟೊಳ್ಳು ಗುಂಡಿಗೆ ಮದ್ದು ತುಂಬಿ, ಹೊರಗೆ ಕಲ್ಲಿದ್ದಲಿನ ಪುಡಿ ಮೆತ್ತಿ, ಶತ್ರುಗಳ ಕಲ್ಲಿದ್ದಲಿನಲ್ಲಿ ಬೆರೆಸುವ ಉಪಾಯ ಹೂಡಿದ್ದ. ಆದರೆ ಅದು ಸಿಡಿಯುವುದು ಸಲಿಕೆಯಿಂದ ಒಲೆಗೆ ಬಿದ್ದ ಮೇಲೆ, ಒಡೆಯುವುದು ಬಾಯ್ಲರನ್ನು. ಮದ್ದಿನ ಕೋಣೆಯೇ ಸಿಡಿದ ಪ್ರಕರಣಗಳಿಗೆ ಲೇಖಕರು ಇದನ್ನು ಸಾಕ್ಷಿಯಾಗಿ ತಂದದ್ದು ವಿಚಿತ್ರ. 1914ರ ನವೆಂಬರ್ 26ರಂದು ಮೆಡ್‌ವೇ ನದಿಯಲ್ಲಿ 700ಕ್ಕೂ ಹೆಚ್ಚು ಜನರೊಂದಿಗೆ ನಾಶವಾದ ಬ್ರಿಟನ್ನಿನ ‘ಬುಲ್‌ವರ್ಕ್’ ಬಗೆಗೂ ಗೂಢಚಾರರ ಮಾತು ಹಬ್ಬಿತ್ತು. ವಿಚಾರಣೆ ಬೆರಳು ಮಾಡಿದ್ದು ಬಾಯ್ಲರ್ ಕೋಣೆಯ ಗೋಡೆಗೆ ಒತ್ತಿ ಇಟ್ಟಿದ್ದ ಕಾರ್ಡೈಟ್ ಮದ್ದಿನ ಕಡೆಗೆ.

ಯುದ್ಧನೌಕೆಯಲ್ಲದಿದ್ದರೂ, 1944ರ ಏಪ್ರಿಲ್ 14ರಂದು ಮುಂಬೈನಲ್ಲಿ ಸಿಡಿದ ಸರಕು ಹಡಗು ‘ಫೋರ್ಟ್ ಸ್ಟಿಕೀನ್’ ಬಗ್ಗೆಯೂ ಜಪಾನಿನ ಕೈವಾಡದ ಶಂಕೆ ಎದ್ದಿತ್ತು. ಅದರಲ್ಲಿ ಸ್ಫೋಟಕಗಳ ಜೊತೆಗೇ ಅರಳೆ ಬೇಲುಗಳನ್ನು ತುಂಬಿದ್ದರು. ಬೇಲಿನೊಳಗೆ ಹೊಕ್ಕ ಬೆಂಕಿ ಎಷ್ಟು ಹೊತ್ತು ಅಡಗಿರಬಲ್ಲದೆಂದು ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳನ್ನು ಕೇಳಿದರೆ ಸಾಕಿತ್ತು.

ಮುಂದಿನ ಪುರವಣಿಯಲ್ಲಿ ಕನಿಷ್ಠ 1976ರ ಅಧ್ಯಯನದ ತೀರ್ಮಾನವನ್ನಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಿವೃತ್ತ ರೈಲ್ವೆ ನೌಕರ,
ಬೆಟಗೇರಿ, ಗದಗ