ಮಾಹಿತಿದಾರೆ ಮೂರು

ಮಾರಾಯ,

ನೀನು ಶಾರ್ಜಾದಲ್ಲಿ ಡ್ಯೂಟಿ ಮುಗಿಸಿ ಫೋನ್ ತೆಗೆಯುವ ಹೊತ್ತಿಗೆ ಇದಕ್ಕೆ ನಾಲ್ಕು ಲೈಕು ಬಿದ್ದಿರುತ್ತದೆ. ಅದರಲ್ಲಿ ಒಂದು ನನ್ನಮ್ಮನದು. ಹಳದಿ ಲುಂಗಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ರಜೆಗೆ ಕುಂಬಳೆಗೆ ಬಂದಿದ್ದೇನೆ. ನಿನ್ನೆ ಅಸರ್ ಬಾಂಗು, ಅಂದರೆ ಇಳಿಹೊತ್ತಿನ ನಮಾಜಿನ ಕರೆ ಕೇಳಿ, ಅರೆ ಇಷ್ಟು ಬೇಗನಾ ಅನಿಸಿತು. ಎರಡು ವರ್ಷ ಅಲಿಗಢದಲ್ಲಿದ್ದು ಕಿವಿ ಕೆಟ್ಟಿದೆ. ಅಲ್ಲಿ ಹನಫಿ ಪಂಥದವರು ಜಾಸ್ತಿ. ನಡುಮಧ್ಯಾಹ್ನದ ನೆರಳು ಬಿಟ್ಟು, ಕೋಲಿನ ನೆರಳು ಕೋಲಿನ ಎರಡರಷ್ಟು ಆಗಬೇಕು, ಆಮೇಲೆ ಅಸರ್. ನಮ್ಮ ಕಡಲಬದಿಯವರು ಶಾಫಿ, ಒಂದರಷ್ಟಾದರೆ ಸಾಕು. ನಾವು ಸ್ಟಂಪು ಕಿತ್ತು ಹೊರಡುತ್ತಿದ್ದುದು ಈ ಲೆಕ್ಕದ ಮೇಲೆ! ನೀನು ಮಸೀದಿಗೆ, ನಾನು ಸೀದಾ ನಿಮ್ಮ ಅಡುಗೆಮನೆಗೆ. ಇದು ತಿಳಿಯಲು ನಾನು ಮಂಗಳಾ ಎಕ್ಸ್‌ಪ್ರೆಸ್ ಹತ್ತಬೇಕಾಯಿತು.

ಮೊನ್ನೆ ಬದಿಯಡ್ಕದಲ್ಲಿ ಮದುವೆ. ಪಕ್ಕದ ಎಲೆಯವರು ಏನು ಓದುವುದು ಅಂತ ಕೇಳಿದರು. 'ಎಂಎ ಹಿಸ್ಟರಿ' ಅಂದುಬಿಟ್ಟೆ. ಇಸ್ಲಾಮಿಕ್ ಸ್ಟಡೀಸ್ ಅಂದರೆ ಹೋಳಿಗೆ ಬಡಿಸುವವನೂ ನಿಂತು ವಿಚಾರಿಸುತ್ತಾನೆ. ನನಗೆ ಎರಡನೇ ಹೋಳಿಗೆ ಬೇಕಿತ್ತು.

ಪರೀಕ್ಷೆಗೆ ಸನದುಗಳನ್ನು ಬಾಯಿಪಾಠ ಮಾಡಿದ್ದೆ. ಹದೀಸನ್ನು, ಅಂದರೆ ಪ್ರವಾದಿಯ ಮಾತನ್ನು, ಯಾರು ಯಾರಿಂದ ಕೇಳಿದರು ಅನ್ನುವ ಸರಪಳಿ. ಬುಖಾರಿಯ ಮೊದಲ ಹದೀಸಿಗೆ ಹುಮೈದಿ, ಸುಫ್ಯಾನ್, ಯಹ್ಯಾ, ಮುಹಮ್ಮದ್ ಬಿನ್ ಇಬ್ರಾಹಿಂ, ಅಲ್ಕಮಾ, ಉಮರ್. ಸಂಗ್ರಹ ಮಾಡಿದ ಬುಖಾರಿ ತೀರಿಕೊಂಡದ್ದೇ 870ರಲ್ಲಿ, ಆದರೂ ಹೆಸರುಗಳು ಇನ್ನೂ ಸಾಲಾಗಿ ಕೂತಿವೆ. ಇವನ ನೆನಪು ಗಟ್ಟಿ ಇತ್ತಾ, ಅವನನ್ನು ನಿಜಕ್ಕೂ ಕಂಡಿದ್ದನಾ, ಸುಳ್ಳು ಹೇಳುವವನಾ, ಇದನ್ನೆಲ್ಲ ನೋಡಲು ಬೇರೆಯೇ ಒಂದು ಶಾಸ್ತ್ರ. ನಡುವೆ 'ಯಾರೋ ಒಬ್ಬರು ಹೇಳಿದರು' ಅಂತ ಬಂತೋ, ಸರಪಳಿ ದುರ್ಬಲ.

ಇದನ್ನು ಓದಿ, ಬರೆದು, ಮಾರ್ಕು ತಗೊಂಡೆ. ಅದೇ ಸೆಮಿಸ್ಟರಿನಲ್ಲಿ ಸಂಶೋಧನೆಯ ಫಾರಂನಲ್ಲಿ ನಿಮ್ಮ ಅಜ್ಜಿ ಉಮ್ಮಾಮನನ್ನು 'ಮಾಹಿತಿದಾರೆ 3, ಮಹಿಳೆ, ಸುಮಾರು 80' ಅಂತಲೂ ಬರೆದೆ.

ಹಿಂದಿನ ರಜೆಯಲ್ಲಿ ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಅವರು ಮುಹ್ಯಿದ್ದೀನ್ ಮಾಲೆ ಅನ್ನುವ ಸ್ತುತಿಗೀತೆ ಹಾಡುತ್ತಿದ್ದರು. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಕಟ್ಟಿದ್ದು. ಎದುರಿಗೆ ಅರಬಿ ಅಕ್ಷರದ, ಮಲಯಾಳ ಮಾತಿನ ಹಳೇ ಪುಸ್ತಕ, ಮೂಲೆಯೆಲ್ಲ ಎಣ್ಣೆ ಹಿಡಿದು ಕಂದಾಗಿದೆ. ಅವರು ಅದನ್ನು ನೋಡುತ್ತಲೂ ಇರಲಿಲ್ಲ, ಬೆರಳು ಮಾತ್ರ ಸಾಲಿನ ಮೇಲೆ ಓಡುತ್ತಿತ್ತು. ನಾನು ಫೋನನ್ನು ಚಹಾದ ಲೋಟಕ್ಕೆ ಒರಗಿಸಿಟ್ಟೆ. ಕೇಳಲಿಲ್ಲ, ಸುಮ್ನೆ ಇಟ್ಟೆ. ಒಂದು ಸಾಲಿನ ನಡುವೆ ಹಾಡು ನಿಲ್ಲಿಸಿ, ನನ್ನ ಕಡೆ ತಿರುಗಿ 'ಚೋರ್ ಬೆಯ್ಚಾ?' ಅಂದರು, ಊಟ ಆಯಿತಾ ಅಂತ. ಹಾಸ್ಟೆಲಿನಲ್ಲಿ ಕೂತು ಆ ತುಂಡನ್ನು ಕತ್ತರಿಸಿದೆ. ಸಂಶೋಧನೆಗೆ ಅಡ್ಡ ಬರುತ್ತದೆ ಅಂತ.

ಗೈಡ್ ತಪ್ಪು ಹಿಡಿಯಲಿಲ್ಲ. ಹೆಸರು ಮರೆಮಾಡುವುದು ಒಳ್ಳೇ ಪದ್ಧತಿ ಅಂದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. 'ಗೆಳೆಯನ ಅಜ್ಜಿ' ಅಂತ ಬರೆದಿದ್ದರೆ, ಇವನು ಊರಿಗೆ ಹೋಗಿ ಉಂಡು ಮಲಗಿ ಬಂದಿದ್ದಾನೆ ಅಂದುಕೊಳ್ಳುತ್ತಿದ್ದರು. ಅದು ಸತ್ಯವೂ ಹೌದು.

ಇನ್ನೊಂದು ಸತ್ಯ ಇದೆ. ಬರೆಯುವುದೋ ಬೇಡವೋ ಅಂತ ಎರಡು ಸಲ ಎದ್ದು ನೀರು ಕುಡಿದು ಬಂದೆ. ಹೆಸರು ಮರೆಮಾಡಲು ನನಗೆ ಹೆಸರು ಗೊತ್ತಿರಬೇಕಿತ್ತು, ಅಲ್ವಾ? ಫಾರಂನಲ್ಲಿ ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು. ಹದಿನೈದು ವರ್ಷ ಅವರ ಪತ್ತಿರಿ ತಿಂದಿದ್ದೇನೆ. ಜ್ವರ ಬಂದಾಗ ನನ್ನ ಹಣೆಗೆ ಊದಿದ್ದಾರೆ. ಅಲ್ಕಮಾನ ಅಪ್ಪನ ಹೆಸರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಇವರದು ಗೊತ್ತಿಲ್ಲ. ನಿನ್ನ ಹತ್ತಿರ ಕೇಳಲು ನಾಚಿಕೆಯಾಗಿ '3' ಅಂತ ಹಾಕಿದೆ. ಒಂದು, ಎರಡು ಯಾರು ಅಂತ ಕೇಳಬೇಡ.

ಸಾಕು. ಇದನ್ನು ಓದುತ್ತಿರುವ ನಮ್ಮ ಮೇಷ್ಟ್ರಿಗೆ ನಮಸ್ಕಾರ, ಕಾಗುಣಿತ ತಿದ್ದಬೇಡಿ.

ನಾಳೆ ನಿಮ್ಮನೆಗೆ ಹೋಗುತ್ತೇನೆ, ಊಟದ ಹೊತ್ತಿಗೇ. ಅಷ್ಟರೊಳಗೆ ಹೆಸರು ಕಳಿಸು. ವಾಟ್ಸಾಪಿನಲ್ಲಿ, ಇಲ್ಲಿ ಕಾಮೆಂಟಿನಲ್ಲಿ ಬೇಡ. ಕಳಿಸದಿದ್ದರೆ ಲುಂಗಿಯ ಫೋಟೋ ನನ್ನ ಹತ್ತಿರ ಇನ್ನೂ ಇದೆ.

ನಿನ್ನ
ಹಿಸ್ಟರಿ ವಿದ್ಯಾರ್ಥಿ