ಹತ್ತು ವ್ಯಾನಿಗೆ ಇಪ್ಪತ್ತು ಗುಂಟೆ ಜಾಗ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ಚಿಂಚೋಳಿ ಕಾಡಿನ ಅಂಚಿನಲ್ಲಿ, ವನ್ಯಜೀವಿ ಧಾಮದ ಗಡಿಯಿಂದ ಹೊರಗೆ, ಕಂದಾಯ ಜಮೀನಿನಲ್ಲಿ ಇಪ್ಪತ್ತು ಗುಂಟೆ ಜಾಗ ಬೇಕಾಗಿದೆ. ಹತ್ತು ಕ್ಯಾಂಪರ್‌ವ್ಯಾನ್ (ಒಳಗೇ ಮಲಗುವಂತೆ ಅಣಿ ಮಾಡಿದ ವ್ಯಾನ್) ರಾತ್ರಿ ನಿಲ್ಲುವಷ್ಟು ಗಟ್ಟಿ ನೆಲ, ಒಂದು ನಳ, ಹೊಲಸು ಸುರಿಯಲು ಒಂದು ಕಡೆ ಇದ್ದರೆ ಸಾಕು. ರಿಸಾರ್ಟ್ ಬೇಡ, ಕಮಾನು ಬೇಡ, ಸೆಲ್ಫಿ ಪಾಯಿಂಟ್ ಅಂತೂ ಬೇಡವೇ ಬೇಡ.

ಇದು ಬಂಡವಾಳಗಾರರ ಬೇಡಿಕೆಯಲ್ಲ. ಶುಕ್ರವಾರ ಸಂಜೆ ಕೆಲಸ ಮುಗಿಸಿ ‘ನಡೀರಿ, ಗುಡ್ಡಕ್ಕೆ ಹೋಗೋಣ’ ಎಂದು ಹೊರಟುಬಿಡುವವರು ಕಲಬುರಗಿ, ಬೀದರ್, ಯಾದಗಿರಿಯಲ್ಲೂ ಇದ್ದಾರೆ. ಹಳೆಯ ಈಕೋ, ಟ್ರಾವೆಲರ್‌ಗಳಲ್ಲಿ ಮಲಗುವ ಹಲಗೆ ಹಾಕಿಕೊಂಡವರು, ಬಾಡಿಗೆ ವ್ಯಾನ್ ತರಿಸಿಕೊಳ್ಳುವವರು ಇವರು. ಹೀಗೆ ದಿಢೀರನೆ ಹೊರಟವರಿಗೆ ಮಲೆನಾಡು ಈಗ ಸುಲಭವಾಗಿ ಸಿಗುವುದಿಲ್ಲ. ಕಲಬುರಗಿಯಿಂದ ಚಿಕ್ಕಮಗಳೂರು ಹೆಚ್ಚುಕಡಿಮೆ 600 ಕಿ.ಮೀ., ತುಂಬಿದ ವ್ಯಾನಿನಲ್ಲಿ ಹನ್ನೆರಡು ತಾಸಿನ ದಾರಿ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಅದು ಸರಿಯಾದ ಕೆಲಸವೇ. ಆದರೆ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಹೋದವರು ಬೆಳಗ್ಗೆ ಗೇಟಿನ ಮುಂದೆ ‘ಭರ್ತಿಯಾಗಿದೆ’ ಎನ್ನಿಸಿಕೊಂಡು ನಿಲ್ಲಬೇಕಾಗುತ್ತದೆ.

ಚಿಂಚೋಳಿ ಹಾಗಲ್ಲ. ಕಲಬುರಗಿಯಿಂದ 80 ಕಿ.ಮೀ. ಆಸುಪಾಸು, ಬೀದರ್‌ನಿಂದ ಇನ್ನೂ ಹತ್ತಿರ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಸುಮಾರು 134 ಚದರ ಕಿ.ಮೀ. ಕಾಡು, ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ, ಗೊಟ್ಟಂಗೊಟ್ಟ, ಕುಂಚಾವರಂ ಕಡೆಯ ಏರಿಳಿತ ಎಲ್ಲವೂ ಒಂದೇ ತಾಲ್ಲೂಕಿನಲ್ಲಿವೆ. ಜುಲೈಯಿಂದ ಫೆಬ್ರುವರಿವರೆಗೆ ನಡೆಯಲು ಯೋಗ್ಯ. ಎತ್ತಿಪೋತ ನೋಡಬೇಕೆಂದರೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಹೋಗಬೇಕು. ಆಮೇಲೆ ಸಿಗುವುದು ಬರೀ ಬಂಡೆ.

ಧಾಮದೊಳಗೆ ರಾತ್ರಿ ವ್ಯಾನ್ ನಿಲ್ಲಿಸಲು ಬಿಡಿ ಎಂದು ನಾವು ಕೇಳುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಳಹೋಗಲು ಅನುಮತಿ ಬೇಕು, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು ಅಪರಾಧ. ಕತ್ತೆಕಿರುಬ, ತೋಳ ತಿರುಗಾಡುವ ಜಾಗದಲ್ಲಿ ರಾತ್ರಿ ಲೈಟು ಹಾಕಿಕೊಂಡು ಕೂರುವುದು ಯಾರಿಗೂ ಒಳ್ಳೆಯದಲ್ಲ. ಆದರೆ ಹೊರಗೆ ಗೊತ್ತುಮಾಡಿದ ಜಾಗವೇ ಇಲ್ಲದಿದ್ದರೆ ಜನ ಕೆರೆಯ ಏರಿ, ಹೊಲದ ಬದು, ರಸ್ತೆಯ ಪಕ್ಕದ ಹುಲ್ಲು, ಎಲ್ಲೆಂದರಲ್ಲಿ ನಿಲ್ಲಿಸುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಹುಲ್ಲಿನ ಮಾತೇ ಮೊದಲು ಆಡಬೇಕು. ಬಿಎಸ್-6 (ಈಗಿನ ಹೊಗೆ ನಿಯಮದ) ಡೀಸೆಲ್ ವಾಹನಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಭಾಗವಿರುತ್ತದೆ. ಮಸಿ ತುಂಬಿದಾಗ ಎಂಜಿನ್ ತಾನಾಗಿಯೇ ಅದನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳುತ್ತದೆ. ಆಗ ಒಳಗಿನ ಶಾಖ 550–600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಕೆಲಸ ನಡೆದಿರುವಾಗಲೇ ಗಾಡಿಯನ್ನು ಮೊಣಕಾಲೆತ್ತರದ ಒಣ ಹುಲ್ಲಿನ ಮೇಲೆ ತಂದು ನಿಲ್ಲಿಸಿದರೆ ಕಡ್ಡಿ ಗೀರುವ ಅಗತ್ಯವಿಲ್ಲ. ಪೆಟ್ರೋಲ್ ಗಾಡಿಯ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದಕ್ಕೆ ಸಾಕು. ಫೆಬ್ರುವರಿಯಿಂದ ಮೇವರೆಗೆ ಚಿಂಚೋಳಿಯಂಥ ಎಲೆ ಉದುರುವ ಕಾಡಿನಲ್ಲಿ ನೆಲವೆಲ್ಲ ತರಗೆಲೆ. ‘ಬೀಡಿ, ಸಿಗರೇಟು ಸೇದಬೇಡಿ’ ಎಂಬ ಬೋರ್ಡು ಎಲ್ಲ ಕಡೆ ಇದೆ. ‘ಹುಲ್ಲಿನ ಮೇಲೆ ವಾಹನ ನಿಲ್ಲಿಸಬೇಡಿ’ ಎಂಬ ಬೋರ್ಡು ಅದಕ್ಕಿಂತ ಮುಖ್ಯ.

ಎರಡನೆಯದು ನಮ್ಮ ಎರೆ ಮಣ್ಣು. ಹಲಗೆ, ನೀರು, ಬ್ಯಾಟರಿ, ನಾಲ್ಕು ಜನ ಸೇರಿದರೆ ದೊಡ್ಡ ವ್ಯಾನ್ ಮೂರು ಟನ್ ಮೀರುತ್ತದೆ. ಸಂಜೆ ಒಣಗಿದ್ದ ನೆಲ ರಾತ್ರಿ ಒಂದು ಮಳೆ ಬಿದ್ದರೆ ಬೆಳಗ್ಗೆ ಬೆಣ್ಣೆ. ಚಕ್ರ ತಿರುಗಿದಷ್ಟೂ ಮಣ್ಣು ಟೈರಿನ ಗೀರುಗಳಲ್ಲಿ ತುಂಬಿ, ಮಡ್‌ಗಾರ್ಡ್ ಒಳಗೆ ಮೆತ್ತಿ, ಚಕ್ರವನ್ನೇ ಬಿಗಿಯುತ್ತದೆ. ಸಿಕ್ಕಿಬಿದ್ದಾಗ ಎಕ್ಸಲರೇಟರ್ ಒತ್ತುವುದು ಎಲ್ಲರೂ ಮಾಡುವ ತಪ್ಪು. ಟೈರಿನ ಗಾಳಿ 20 ಪಿಎಸ್ಐಗೆ ಇಳಿಸಿ, ಚಕ್ರದ ಮುಂದಿನ ಮಣ್ಣು ಕೆದರಿ, ತೊಗರಿ ಕಟ್ಟಿಗೆ ಅಥವಾ ಹಲಗೆ ಒಡ್ಡಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಬೇಕು. ಅದಕ್ಕೂ ಜಗ್ಗದಿದ್ದರೆ ಟ್ರ್ಯಾಕ್ಟರ್ ಕರೆಸುವುದೇ ದಾರಿ. ಬದುವಿನಲ್ಲಿ ಬಿದ್ದ ಆ ಆಳದ ಗಾಲಿ ಜಾಡು ರೈತನಿಗೆ ಉಳಿಯುತ್ತದೆ, ಪ್ರವಾಸಿಗನಿಗಲ್ಲ.

ಹೀಗಾಗಿ ಕೇಳುವುದು ಮುರುಮ್, ಅಂದರೆ ಗರಸು ಮಣ್ಣಿನ ನೆಲ. ಲೆಕ್ಕ ಹೀಗಿದೆ: ಒಂದು ವ್ಯಾನಿಗೆ 8 ಮೀಟರ್ ಉದ್ದ, 5 ಮೀಟರ್ ಅಗಲ, ಐದೈದರ ಎರಡು ಸಾಲು, ನಡುವೆ 7 ಮೀಟರ್ ದಾರಿ, ರಸ್ತೆಯಿಂದ ಒಳಬರಲು ಚಿಕ್ಕ ತುಂಡು. ಗಟ್ಟಿ ನೆಲವಷ್ಟೇ ಒಟ್ಟು 650 ಚದರ ಮೀಟರ್; ಉಳಿದ ಜಾಗ ನೀರು, ಹೊಲಸು, ಬೆಂಕಿ ರೇಖೆ, ಮಳಿಗೆಗೆ. ಮೇಲಿನ ಎರೆ ಮಣ್ಣು ಕನಿಷ್ಠ 60 ಸೆಂ.ಮೀ. ತೆಗೆಯದೆ ಮುರುಮ್ ಹಾಸಿದರೆ ಎರಡು ಮಳೆಗಾಲದಲ್ಲಿ ಅದು ಕೆಳಗಿಳಿದುಹೋಗುತ್ತದೆ. ಅದಕ್ಕೆ ಜಂಬಿಟ್ಟಿಗೆ ಅಥವಾ ಮುರುಮ್ ನೆಲ ಸಹಜವಾಗಿಯೇ ಇರುವ ದಿನ್ನೆಯನ್ನು ಆರಿಸಿಕೊಂಡರೆ ಖರ್ಚು ಅರ್ಧ. ಅಂಥ ಕಡೆ 30 ಸೆಂ.ಮೀ. ಗಟ್ಟಿ ಹಾಸು ಸಾಕು: ಸುಮಾರು 90 ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಮುರುಮ್, ಹದಿನೈದು ಸೆಂ.ಮೀ.ನ ಎರಡು ಪದರ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್. ಇಳಿಜಾರು ನೂರಕ್ಕೆ ಎರಡು, ಅದಕ್ಕಿಂತ ಹೆಚ್ಚು ಬೇಡ; ಒಳಗೆ ಮಲಗಿದವರು ರಾತ್ರಿಯೆಲ್ಲ ಒಂದು ಕಡೆಗೆ ಜಾರುತ್ತಾರೆ. ಕಾಂಕ್ರೀಟ್ ಹಾಕಿಸಬೇಡಿ. ಎರೆ ನೆಲ ಉಬ್ಬಿ ಕುಗ್ಗುವಾಗ ಅದು ಬಿರಿಯುತ್ತದೆ, ಬಿಸಿಲಿಗೆ ಕಾದು ನಡುರಾತ್ರಿವರೆಗೂ ಶಾಖ ಬಿಡುತ್ತದೆ. ಸುತ್ತ ಮೂರು ಮೀಟರ್ ಹುಲ್ಲಿಲ್ಲದ ಬೆಂಕಿ ರೇಖೆ, ಪಡುವಣಕ್ಕೆ ಒಂದು ಸಾಲು ಬೇವು.

ನೀರಿನ ವಿಷಯಕ್ಕೆ ಬಂದರೆ, ಬಿಸಿಲಿನಲ್ಲಿ ನಡೆಯುವವರಿಗೆ ಕುಡಿಯಲು ತಲೆಗೆ 4 ಲೀಟರ್, ಅಡುಗೆ ಮತ್ತು ತೊಳೆಯಲು ಇನ್ನು 5–6 ಲೀಟರ್ ಬೇಕು. ಹತ್ತು ವ್ಯಾನಿಗೆ ದಿನಕ್ಕೆ 400 ಲೀಟರ್. 5,000 ಲೀಟರಿನ ಒಂದು ಟ್ಯಾಂಕ್ ಧಾರಾಳವಾಯಿತು. ಆದರೆ ನಮ್ಮ ಭಾಗದ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯುವ ನೀರಲ್ಲ, ಮತ್ತು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ನಳದ ಮೇಲೆಯೇ ಬರೆಸಿ. ಇನ್ನೊಂದು ಚಿಕ್ಕ ಮಾತು: ಹಳ್ಳಿಗಳ ಶುದ್ಧ ನೀರಿನ ಘಟಕಗಳ ನಳ ಕೊಡಕ್ಕೆ ಹೊಂದುತ್ತದೆ, ವ್ಯಾನಿನ ಪೈಪಿಗೆ ಹೊಂದುವುದಿಲ್ಲ. ಮುಕ್ಕಾಲು ಇಂಚಿನ, ಪೈಪು ತಿರುಗಿಸಿ ಹಾಕುವ ಥ್ರೆಡ್ ಇರುವ ಒಂದು ನಳ ಹೆಚ್ಚಿಗೆ ಹಾಕಿಸಿದರೆ ಆ ರಗಳೆ ಮುಗಿಯಿತು.

ಹೊಲಸಿನ ಮಾತು ಯಾರಿಗೂ ಇಷ್ಟವಾಗದು, ಆದರೆ ಈ ಪತ್ರ ಬರೆಯಲು ದೊಡ್ಡ ಕಾರಣ ಅದೇ. ವ್ಯಾನಿನ ಕಕ್ಕಸಿನ ಪೆಟ್ಟಿಗೆ ಹಿಡಿಸುವುದು ಸುಮಾರು 20 ಲೀಟರ್. ನಾಲ್ವರಿಗೆ ಎರಡು ದಿನಕ್ಕೆ ತುಂಬುತ್ತದೆ. ಸುರಿಯಲು ಗೊತ್ತಾದ ಜಾಗ ಇಲ್ಲದಿದ್ದರೆ ಅದು ಹೋಗುವುದು ಹಳ್ಳಕ್ಕೆ. ಹಳ್ಳದ ನೀರು ಕೆಳಗಿನ ತಾಂಡಾಗಳ ಜನ, ದನ ಇಬ್ಬರೂ ಕುಡಿಯುವ ನೀರು. ಸಾಧಾರಣ ಸೆಪ್ಟಿಕ್ ಟ್ಯಾಂಕಿಗೆ ನಾಲ್ಕು ಇಂಚಿನ ಪೈಪು, ಮೇಲೆ ಮುಚ್ಚಳದ ಸುರಿಬಾಯಿ, ಸುತ್ತ ತೊಳೆಯಲು ಶಹಾಬಾದ್ ಪರಸಿಯ ಕಟ್ಟೆ, ಅಷ್ಟೇ ಬೇಕು. ತೊಳೆಯುವ ನಳ ಕುಡಿಯುವ ನಳದಿಂದ ದೂರ ಇರಲಿ, ಬಣ್ಣವೂ ಬೇರೆ ಇರಲಿ. ಒಂದೇ ಪೈಪನ್ನು ಎರಡಕ್ಕೂ ಬಳಸುವವರು ಇದ್ದೇ ಇರುತ್ತಾರೆ. ವಾಸನೆ ತಡೆಯಲು ಕಕ್ಕಸಿನ ಪೆಟ್ಟಿಗೆಗೆ ಹಾಕುವ, ಫಾರ್ಮಾಲ್ಡಿಹೈಡ್ ಇರುವ ಕೆಮಿಕಲ್ ಸುರಿದರೆ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತು ಹೊಲಸು ಕೊಳೆಯುವುದೇ ನಿಲ್ಲುತ್ತದೆ. ಆದ್ದರಿಂದ ಎನ್‌ಜೈಮ್ ಪುಡಿ ಮಾತ್ರ ಎಂದು ಬೋರ್ಡಿನಲ್ಲೇ ಬರೆಸಬೇಕು. ಪಾತ್ರೆ ತೊಳೆದ ನೀರಿಗೆ 1.2 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಇಂಗುಗುಂಡಿ ಸಾಕು, ಆದರೆ ಅದೂ ಮುರುಮ್ ನೆಲದಲ್ಲೇ ಇರಬೇಕು. ಎರೆ ಮಣ್ಣಿನಲ್ಲಿ ತೋಡಿದ ಇಂಗುಗುಂಡಿ ಇಂಗುವುದಿಲ್ಲ, ಸೊಳ್ಳೆಯ ತೊಟ್ಟಿಯಾಗುತ್ತದೆ.

ಕರೆಂಟು ಐಷಾರಾಮಕ್ಕಲ್ಲ. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 1,280 ವ್ಯಾಟ್-ಅವರ್. ತಂಪು ಹೊತ್ತಿನಲ್ಲಿ ಚಿಕ್ಕ ಫ್ರಿಜ್ಜು, ಎರಡು ಫ್ಯಾನು ಎರಡು ದಿನ ಎಳೆಯುತ್ತವೆ. ಹೊರಗೆ 42 ಡಿಗ್ರಿ ಇದ್ದಾಗ ಫ್ರಿಜ್ಜಿನ ಕಂಪ್ರೆಸರ್ ಆರುವುದೇ ಇಲ್ಲ; 45 ವ್ಯಾಟಿನಂತೆ ಅದೊಂದೇ ದಿನಕ್ಕೆ ಸಾವಿರ ದಾಟುತ್ತದೆ. ಸೋಲಾರ್ ಇದೆಯಲ್ಲ ಎನ್ನಬಹುದು. ಆದರೆ ಮುಚ್ಚಿದ ವ್ಯಾನಿನೊಳಗೆ ಬ್ಯಾಟರಿ ಮಿತಿಮೀರಿ ಕಾದರೆ ಅದರ ರಕ್ಷಣಾ ಸರ್ಕಿಟ್ ಸಾಮಾನ್ಯವಾಗಿ ಚಾರ್ಜಿಂಗನ್ನೇ ತಡೆಯುತ್ತದೆ. ಮೇಲೆ ಸೂರ್ಯ ಉರಿಯುತ್ತಿದ್ದರೂ ಒಳಗೆ ಬ್ಯಾಟರಿ ಬರಿದು! ನಾಲ್ಕು ಕಡೆ 16 ಆಂಪಿಯರ್ ಸಾಕೆಟ್, ಪ್ರತಿಯೊಂದಕ್ಕೂ ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲಿ. ಒಣಗಿದ ಮುರುಮ್ ನೆಲದಲ್ಲಿ ಅರ್ಥಿಂಗ್ ಹಿಡಿಯುವುದಿಲ್ಲ. ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕುವ ಜವಾಬ್ದಾರಿ ಯಾರದೆಂದು ಮೊದಲೇ ಬರೆದಿಡಬೇಕು.

ಅಡುಗೆ ಅನಿಲದ ಬಗ್ಗೆ ಒಂದೇ ನಿಯಮ ಸಾಕು: 14.2 ಕೆ.ಜಿ.ಯ ಮನೆ ಸಿಲಿಂಡರ್ ಒಳಗೆ ಬಿಡಬೇಡಿ. 5 ಕೆ.ಜಿ.ಯದು ನೆಟ್ಟಗೆ ನಿಂತಿರಬೇಕು, ಅದರ ಪಕ್ಕ ವ್ಯಾನಿನ ನೆಲದಲ್ಲಿ ಗಾಳಿಗಿಂಡಿ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಕೆಳಗೇ ಕೂರುತ್ತದೆ. ಕಿಟಕಿ ತೆರೆದಿದ್ದರೂ ಹೊರಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಡೆಯ ಚಾರಣಕ್ಕೆ ಒಲೆಯೇ ಬೇಕಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇದ್ದರೆ ಎರಡು ದಿನ ನಡೆಯಬಹುದು. ಸುತ್ತಲಿನ ತಾಂಡಾಗಳ ಮಹಿಳಾ ಸ್ವಸಹಾಯ ಸಂಘಕ್ಕೆ ಗೇಟಿನ ಹತ್ತಿರ ಒಂದು ಖಾನಾವಳಿ ಮಳಿಗೆ ಕೊಟ್ಟರೆ, ಶುಲ್ಕ ವಸೂಲಿ ಮತ್ತು ಸ್ವಚ್ಛತೆಯನ್ನೂ ಅವರೇ ನೋಡಿಕೊಳ್ಳಬಹುದು. ಶುಲ್ಕ ಇಡಿ. ಪುಕ್ಕಟೆ ಜಾಗ ಒಂದು ವರ್ಷದಲ್ಲಿ ಬಾಟಲಿ ಗುಡ್ಡೆಯಾಗುತ್ತದೆ.

ಗೇಟಿನಲ್ಲಿ ಒಂದು ವಹಿ ಇರಲಿ: ಗಾಡಿ ನಂಬರು, ಎಷ್ಟು ಜನ, ಯಾವ ದಾರಿ, ಎಷ್ಟೊತ್ತಿಗೆ ಹಿಂದಿರುಗುವುದು. ಕೊಳ್ಳದೊಳಗೆ ಫೋನ್ ಸಿಗ್ನಲ್ ನಂಬುವಂತಿಲ್ಲ. ಮುಸ್ಸಂಜೆಗೆ ವಹಿ ನೋಡಿ ಯಾರು ಬಂದಿಲ್ಲವೆಂದು ಹೇಳಬಲ್ಲ ಒಬ್ಬ ಮನುಷ್ಯ ಬೇಕು. 108, 112, ಅರಣ್ಯ ಸಹಾಯವಾಣಿ 1926 ದೊಡ್ಡದಾಗಿ ಬರೆಸಿ.

ಯಾದಗಿರಿ ಕೋಟೆ ಬೆಟ್ಟ, ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟಗಳಿಗೆ ಇಷ್ಟೆಲ್ಲ ಬೇಡ. ಅಲ್ಲಿ ಊರು ಪಕ್ಕದಲ್ಲೇ ಇದೆ. ಬುಡದಲ್ಲಿ ನೆರಳಿನ ನಿಲುಗಡೆ, ನಳ, ಕಕ್ಕಸು ಸಾಕು. ಹೆಬ್ಬಂಡೆ ಬೆಳಗ್ಗೆ ಹತ್ತಕ್ಕೇ ಕಾಯುವುದರಿಂದ ನಸುಕಿನಲ್ಲೇ ಹತ್ತಿ ಇಳಿಯಬೇಕು ಎಂಬುದನ್ನು ಮಾತ್ರ ಬೋರ್ಡಿನಲ್ಲಿ ಹಾಕಿಸಿ. ಬೀದರ್‌ನ ಹೊನ್ನಿಕೇರಿ ಕಡೆಗೆ ಎರಡನೇ ಹಂತದಲ್ಲಿ ಯೋಚಿಸಬಹುದು. ವ್ಯಾನ್ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇವೆಲ್ಲ ನಿಮ್ಮ ಮಂಡಳಿಯ ವ್ಯಾಪ್ತಿಯಲ್ಲ, ಅದನ್ನು ಬೇರೆಡೆ ಕೇಳುತ್ತೇವೆ.

ಕೊನೆಯದಾಗಿ, ಜಾಗ ನೋಡಲು ಎಂಜಿನಿಯರರನ್ನು ಮಾರ್ಚ್‌ನಲ್ಲಿ ಕಳಿಸಬೇಡಿ. ಆಗ ಎಲ್ಲ ನೆಲವೂ ಗಟ್ಟಿಯೇ. ಸೆಪ್ಟೆಂಬರ್‌ನಲ್ಲಿ, ಒಂದು ಜೋರು ಮಳೆಯ ಮರುದಿನ, ತುಂಬಿದ ಟ್ರ್ಯಾಕ್ಟರ್ ಟ್ರಾಲಿಯನ್ನು ಆ ನೆಲದ ಮೇಲೆ ಎರಡು ಸುತ್ತು ಓಡಿಸಿ ನೋಡಲಿ. ನೀರು ಇಂಗುತ್ತದೆಯೋ ಎಂದು ತಿಳಿಯಲು ಒಂದಡಿ ಗುಂಡಿ ತೋಡಿ, ಕೊಡ ನೀರು ಸುರಿದು, ಗಡಿಯಾರ ಹಿಡಿದು ಕೂರಲಿ. ಚಿಂಚೋಳಿ ತಹಶೀಲ್ದಾರರು, ಅರಣ್ಯ ಇಲಾಖೆಯವರು, ಹತ್ತಿರದ ಗ್ರಾಮ ಪಂಚಾಯಿತಿಯವರು ಅಂದು ಜೊತೆಗಿದ್ದರೆ ಜಾಗ ಅಂದೇ ಗೊತ್ತಾಗುತ್ತದೆ. ಅಳತೆ ಪಟ್ಟಿ, ನಕ್ಷೆ ತಯಾರಿಸಿ ಕೊಡಲು ನಾವು ಸಿದ್ಧ.

ಇಂತಿ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಚಾರಣಿಗರು ಮತ್ತು ಕ್ಯಾಂಪರ್‌ವ್ಯಾನ್ ಬಳಕೆದಾರರು